ನದಿಯೊಳಗಿನ ಅಂಗಡಿ

ನಕ್ಷೆಯಲ್ಲಿ ನನ್ನ ಅಂಗಡಿ ನೀರೊಳಗುಂಟು.
ಬಂದರಿನ ಧಕ್ಕೆಗೂ ಬೆಂಗ್ರೆಗೂ ನಡುವೆ,
ಫಲ್ಗುಣಿಯ ಹೊಟ್ಟೆಗೆ ಚುಚ್ಚಿದ ಕೆಂಪು ತಲೆಯ ಗುಂಡುಸೂಜಿ:
ಇದಿನಬ್ಬ ಹೊಲಿಗೆ ಮಿಷನ್ ರಿಪೇರಿ.
ಈಗ ತೆರೆದಿದೆ.

ತಪ್ಪು ಯಾರದೂ ಅಲ್ಲ.
ಎದುರಿನ ಝೆರಾಕ್ಸ್ ಅಂಗಡಿಯ ಸುಗಂಧಿ
ಸಂಜೆಯ ಫೆರಿಯಲ್ಲಿ ಮನೆಗೆ ಹೋಗುತ್ತಾ,
ಮಡಿಲಲ್ಲಿ ಗೋಳಿಬಜೆಯ ತೊಟ್ಟೆ, ಕೈಯಲ್ಲಿ ಫೋನು,
ನನ್ನ ಹೆಸರು ಬರೆದಳು, ನಂಬರು ಬರೆದಳು.
ಈಗ ಇರುವ ಜಾಗವೇ ಎಂದು ಅದು ಕೇಳಿತು.
ಹೌದು ಅಂತ ಒತ್ತಿದಳು.
ಆಗ ದೋಣಿ ನಡುನೀರಲ್ಲಿತ್ತು.

ಮೂವತ್ತೆಂಟು ವರ್ಷ ನಾನು ಬೋರ್ಡು ಹಾಕಿದವನಲ್ಲ.
ಒಣಮೀನಿನ ಗೋದಾಮಿನ ಹಿಂದೆ, ಕೊಬ್ಬರಿ ಮಂಡಿಯ ಪಕ್ಕ,
ಬಾಗಿಲು ತೆರೆದರೆ ಅದೇ ಬೋರ್ಡು.
ಬೇಕಾದವರಿಗೆ ಗೊತ್ತಿತ್ತು.
ಗೊತ್ತಿದ್ದವರು ಒಬ್ಬೊಬ್ಬರೇ ಕಣ್ಣು ಮಂಜಾಗಿ ಮಿಷನ್ ಮಾರಿದರು,
ಕೆಲವರು ಮಣ್ಣಿಗೆ ಹೋದರು.
ಕಳೆದ ರಮ್‌ಜಾನಿನಲ್ಲಿ
ದಿನವೂ ಬಂದ ಗಿರಾಕಿಯೆಂದರೆ ಒಂದು ಬೆಕ್ಕು.

ಈಗ ಫೋನು ಬರುತ್ತದೆ.
"ಕಾಕಾ, ಧಕ್ಕೆಯಲ್ಲಿ ನಿಂತಿದ್ದೇನೆ.
ಇನ್ನೂರು ಮೀಟರ್ ಮುಂದೆ ಹೋಗು ಅನ್ನುತ್ತದೆ.
ಮುಂದೆ ನೀರು!"
ಒಬ್ಬ ಕರೆಯಲೂ ಇಲ್ಲ,
ಒಂದೇ ನಕ್ಷತ್ರ ಕೊಟ್ಟು ಬರೆದು ಹೋದ:
ಅಂಗಡಿ ಇಲ್ಲ. ನದಿ ಮಾತ್ರ ಉಂಟು.
ಸುಳ್ಳಲ್ಲವಲ್ಲ, ಎಂತ ಹೇಳುವುದು?

ಮೇ ತಿಂಗಳ ಕೊನೆಗೆ ಪೆರ್ಮನ್ನೂರಿನ ಸೆವ್ರಿನ್ ಬಾಯಿ.
ಶಾಲೆ ಶುರುವಾಗಲು ನಾಲ್ಕು ದಿನ,
ಹೊಲಿಯಲು ಇನ್ನೂ ಇಪ್ಪತ್ತಮೂರು ನೀಲಿ ಲಂಗ,
ತಾಯಿಯ ಕಾಲದ ಮಿಷನ್ನಿನ ಬಾಬಿನ್ ಕೇಸು ತುಂಡು.
ಹಂಪನಕಟ್ಟೆಯ ದೊಡ್ಡ ಅಂಗಡಿಯವರು
ಹೊಸ ಮಿಷನ್ನೇ ತೆಗೊಳ್ಳಿ ಅಂದರಂತೆ.
ರಾತ್ರಿ ಹನ್ನೊಂದಕ್ಕೆ ಫೋನಿಗೆ ಕೇಳಿದರಂತೆ, ಮೆಲ್ಲಗೆ, ಮಕ್ಕಳು ಏಳದ ಹಾಗೆ:
"ಹಳೇ ಮಿಷನ್ ರಿಪೇರಿ ನನ್ನ ಹತ್ತಿರ."

ನನ್ನ ಹತ್ತಿರ.
ಅವರು ಕೇಳಿದ್ದು ದೂರದ ಲೆಕ್ಕ.
ನನಗೆ ಕೇಳಿಸಿದ್ದೇ ಬೇರೆ.
ನನ್ನ ಹತ್ತಿರ ಉಂಟು ಬಾಯಿ,
ಹಾರ್ಲಿಕ್ಸ್ ಬಾಟ್ಲಿಯಲ್ಲಿ, ಸೀಮೆಎಣ್ಣೆಯಲ್ಲಿ ಮುಳುಗಿ,
ಹದಿನೈದು ವರ್ಷದಿಂದ ಯಾರೂ ಕೇಳದ ಮೂರು ಬಾಬಿನ್ ಕೇಸು.

ದಾರಿ ಹೇಳಿದೆ.
ನದಿಗೆ ಬೆನ್ನು ಹಾಕಿ.
ಮಂಜಿಗೆ ಈರುಳ್ಳಿ ಏರಿಸುವವರ ಬಲಕ್ಕೆ ಬನ್ನಿ.
ಒಣಮೀನಿನ ವಾಸನೆ ಜೋರಾದರೆ ದಾರಿ ಸರಿ.
ಕೊಬ್ಬರಿಯ ವಾಸನೆ ಬಂದಲ್ಲಿ ನಿಲ್ಲಿ.
ತಲೆ ಬಗ್ಗಿಸಿ, ಬಾಗಿಲು ಗಿಡ್ಡ.

ಹತ್ತು ನಿಮಿಷದ ಕೆಲಸ, ಎಪ್ಪತ್ತು ರೂಪಾಯಿ.
ನೂರು ಕೊಟ್ಟು ಚಿಲ್ಲರೆ ಬೇಡವೆಂದರು, ನಾನು ಬಿಡಲಿಲ್ಲ.
ಮರುದಿನ ಸುಗಂಧಿ ಓದಿ ಹೇಳಿದಳು,
ಐದು ನಕ್ಷತ್ರದ ಕೆಳಗೆ ಬಾಯಿ ಬರೆದದ್ದು:
ನೀರಿಗೆ ಇಳಿಯಬೇಡಿ. ಕಾಕನಿಗೆ ಫೋನು ಮಾಡಿ.

ಕಾವೂರಿಂದ ಬಂದರು, ಸೋಮೇಶ್ವರದಿಂದ ಬಂದರು,
ಗುರುಪುರದ ಹುಡುಗನೊಬ್ಬ ಅಜ್ಜಿಯ ಮಿಷನ್ನನ್ನು
ಮಗುವಿನ ಹಾಗೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದ.

ಸೂಜಿ ಕಿತ್ತು ದಡಕ್ಕೆ ಚುಚ್ಚುತ್ತೇನೆ ಅನ್ನುತ್ತಾಳೆ ಸುಗಂಧಿ.
ಚುಚ್ಚು ಮಾರಾಯ್ತಿ, ಒಳ್ಳೆಯದೇ.
ಅದಕ್ಕೆ ಮೊದಲು ಒಮ್ಮೆ ನೋಡಿ ಬರುತ್ತೇನೆಂದು
ಶುಕ್ರವಾರ ನಮಾಜು ಮುಗಿಸಿ, ಅವಳ ಫೋನು ಹಿಡಿದು ಫೆರಿ ಹತ್ತಿದೆ.
ನಡುನೀರಲ್ಲಿ ಅದು ಹೇಳಿತು:
ನೀವು ತಲುಪಿದ್ದೀರಿ.

ಸುತ್ತ ನೋಡಿದೆ.
ಒಂದು ಕಡಲಕಾಗೆ. ಡೀಸೆಲಿನ ಏಳು ಬಣ್ಣ.
ಮಿಷನ್ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ನೀರು.
ಒಳ್ಳೆಯ ಜಾಗ. ಬಾಡಿಗೆಯೂ ಇಲ್ಲ.

ಅಷ್ಟರಲ್ಲಿ ಕಿಸೆಯೊಳಗೆ ನನ್ನ ಫೋನು.
ಆಚೆ ಧಕ್ಕೆಯಲ್ಲಿ ಯಾರೋ ಕೈಯಡ್ಡ ಹಿಡಿದು ನೀರು ನೋಡುತ್ತಿದ್ದರು.
"ಕಾಕಾ, ಎಲ್ಲಿದ್ದೀರಿ?"
"ಅಂಗಡಿಯಲ್ಲೇ," ಅಂದೆ.
"ಅಲ್ಲೇ ನಿಲ್ಲಿ, ಈಗ ಬಂದೆ."