ಆರೋಗ್ಯವಂತೆ ಎಂದು ಬರೆದುಕೊಂಡರು

ರಕ್ತ ನೋಡಿದರು, ತೂಕ ನೋಡಿದರು,
ನಾಲಿಗೆ ಚಾಚಿ ಅಂದರು, ಚಾಚಿದೆ.
ಫಾರಮ್ಮಿನ ಮೊದಲ ಸಾಲಿನಲ್ಲೇ
'ಆರೋಗ್ಯವಂತೆ' ಎಂದು ಬರೆದುಕೊಂಡರು.
ನಮ್ಮ ಮನೆತನದಲ್ಲಿ ಈ ಪದವಿ
ಯಾರಿಗೂ ಸಿಕ್ಕಿರಲಿಲ್ಲ.

ನಾನು ಒತಿಲಿಯಾ. ಕಾಟೋವಿತ್ಸೆಯಲ್ಲಿ ಟ್ರಾಮ್ ಓಡಿಸುತ್ತೇನೆ,
ವಯಸ್ಸು ನಲವತ್ತಮೂರು, ಬೆಳಗಿನ ಪಾಳಿ.
ಜನ ಬೇಕಾಗಿದ್ದಾರೆ ಎಂಬ ಚೀಟಿಯನ್ನು
ನನ್ನದೇ ಟ್ರಾಮಿನ ಗಾಜಿಗೆ ಅಂಟಿಸಿದ್ದರು:
ಸತುವಿನ ಕ್ಯಾಪ್ಸೂಲು, ದಿನಕ್ಕೊಂದು, ಹನ್ನೆರಡು ವಾರ.
ಕರುಳೊಳಗಿನ ಬ್ಯಾಕ್ಟೀರಿಯಾಗಳು
ಅದಕ್ಕೆ ಏನನ್ನುತ್ತವೆ ಕೇಳಬೇಕಂತೆ.
ಅರ್ಧ ಜನಕ್ಕೆ ಸತು, ಅರ್ಧ ಜನಕ್ಕೆ ಬರೀ ಪಿಷ್ಟ;
ಯಾರಿಗೆ ಯಾವುದೆಂದು ಕೊಡುವವಳಿಗೂ ಗೊತ್ತಿಲ್ಲ.

ಸತು ಅಂದರೆ ನನಗೆ ಅಜ್ಜ.
ಕುಲುಮೆಯ ಮುಂದೆ ಇಪ್ಪತ್ತೊಂಬತ್ತು ವರ್ಷ.
ಮನೆಗೆ ಬರುವಾಗ ಮೀಸೆ ಬೆಳ್ಳಗಿರುತ್ತಿತ್ತು,
ಅದು ವಯಸ್ಸಲ್ಲ.
ಕೆಲವು ಸೋಮವಾರದ ರಾತ್ರಿ
ಮೂರು ಕಂಬಳಿ ಹೊದ್ದು ಗಡಗಡ ನಡುಗುವನು,
ಬೆಳಗಾದರೆ ಏನೂ ಆಗದವನಂತೆ
ಅಟ್ಟದ ಪಾರಿವಾಳಗಳಿಗೆ ಜೋಳ ಎರಚುವನು.
'ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗಿದೆ, ಟ್ರೂಡಾ,
ಹಾಲು ಕೊಡು.'
ಹಿತ್ತಲ ಕ್ಯಾರೆಟ್ಟು ತಿನ್ನಬೇಡಿ ಎಂದು
ಯಾರೋ ಕೋಟು ತೊಟ್ಟವರು ಬಂದು ಹೇಳಿದರು,
ನಾವು ತಿಂದು ಮುಗಿಸಿದ ಮೇಲೆ.
ಕಾರ್ಖಾನೆಯನ್ನು ಹಾಗೆಯೇ
ಹೊಟ್ಟೆಗೆ ಹಾಕಿಕೊಂಡೆವು.

ಈಗ ಅದೇ ಸತು, ಬಿಳಿ ಡಬ್ಬಿಯಲ್ಲಿ,
ಇಸ್ತ್ರಿ ಅಂಗಿ ತೊಟ್ಟು ಬಂದ ಹಳೆಯ ಸಾಲಗಾರ.

ಏನು ತಿಂದೆ, ಎಷ್ಟು ಗ್ರಾಂ, ದಿನವೂ ಬರೆಯಬೇಕು.
ರೈಹಿಟ್ಟಿನ ಹುಳಿಸಾರು: ಎರಡು ಸೌಟು.
ಉಪ್ಪಿನಲ್ಲಿಟ್ಟ ಸೌತೆ: ಮೂರು (ನಿಜಕ್ಕೂ ಐದು).
ವಾರಕ್ಕೊಮ್ಮೆ ನನ್ನದೇ ಒಂದು ಚಿಟಿಕೆ
ಸೀಸೆಗೆ ತುಂಬಿ, ಹೆಸರಿಲ್ಲದೆ ನಂಬರು ಹಚ್ಚಿ
ಫ್ರೀಜರಿನಲ್ಲಿ ಕಡುಬಿನ ಪಕ್ಕ ಇಡಬೇಕು.
ಐಸ್‌ಕ್ರೀಮ್ ಹುಡುಕುತ್ತ ಕೈ ಹಾಕಿದ ಟಿಮೆಕ್
ಚೀಟಿ ಓದಿದ ಮೇಲೆ
ಹತ್ತು ದಿನ ಆ ಬಾಗಿಲು ಮುಟ್ಟಲಿಲ್ಲ.

ಅವಕ್ಕೂ ಸತು ಬೇಕು, ಅಂದಳು ಡಾಕ್ಟರ್ ಬೊಗ್ನಾ.
ಸಾಲದಾದರೆ ನಮ್ಮೊಡನೆ ಕಿತ್ತಾಡುತ್ತವೆ,
ಅತಿಯಾದರೆ ಕೆಲವು ಸೊರಗುತ್ತವೆ, ಕೆಲವು ಕೊಬ್ಬುತ್ತವೆ.
ಮುಂಜಾನೆ ನಾಲ್ಕೂಮುಕ್ಕಾಲಕ್ಕೆ
ಖಾಲಿ ಟ್ರಾಮ್ ತಿರುವಿನಲ್ಲಿ ಕಿರುಗುಟ್ಟುವಾಗ
ನನ್ನೊಳಗೆ ಕೂತವರ ಯೋಚನೆ ಬಂತು.
ಟಿಕೆಟ್ಟಿಲ್ಲ, ಇಳಿಯುವ ನಿಲ್ದಾಣ ಗೊತ್ತಿಲ್ಲ.
ಕೆಲವರು ಅಜ್ಜಿಯ ಹುಳಿಮಡಕೆಯಿಂದ ಹತ್ತಿದವರು,
ಕೆಲವರು ಅಮ್ಮ ಊದಿ, ತಾನೊಮ್ಮೆ ನೆಕ್ಕಿ ನೋಡಿ
ನನ್ನ ಬಾಯಿಗಿಟ್ಟ ಚಮಚದಿಂದ.
ಅಂಥವರಿಗೆ ದಿನಾ ಒಂದು ಗುಳಿಗೆ
ಲೋಹ ಕಳಿಸುತ್ತಿದ್ದೇನೆ.
ಕ್ಷಮಿಸಿ, ಅಂದೆ. ಯಾರಿಗೆ ಅಂದೆನೋ.

ಮೂರನೇ ವಾರ ಶುರುವಾಯಿತು ಬಾಯಲ್ಲಿ ಆ ರುಚಿ.
ಹಲ್ಲುಜ್ಜಿದರೂ ಹೋಗದು, ಕಾಫಿಗೂ ಜಗ್ಗದು.
ನಾಣ್ಯ. ಖಂಡಿತ ನಾಣ್ಯ.
ಬೊಗ್ನಾ ತಲೆದೂಗಿ ಬರೆದುಕೊಂಡಳು.
ನಾನು ಹಾಲು ಕುಡಿದು ಮಲಗತೊಡಗಿದೆ.

ಮಾರ್ಚಿನಲ್ಲಿ ಕಾಗದ ಬಂತು.
ಸತು ತಿಂದವರಲ್ಲೂ ದೊಡ್ಡದೇನೂ ಅಲುಗಿಲ್ಲವಂತೆ.
ಒಂದೆರಡು ಜಾತಿ ಕೊಂಚ ತೆಳುವಾದವು;
ಸತು ಮಾಡಿದ ವ್ಯತ್ಯಾಸಕ್ಕಿಂತ
ಒಬ್ಬರ ಕರುಳಿಗೂ ಇನ್ನೊಬ್ಬರದಕ್ಕೂ ಇರುವ ವ್ಯತ್ಯಾಸವೇ ಹೆಚ್ಚು.
ಕೊನೆಗೆ, ಬೇರೆ ಶಾಯಿಯಲ್ಲಿ:
ನೀವು ಪಿಷ್ಟದ ಗುಂಪಿನಲ್ಲಿದ್ದಿರಿ.

ಮತ್ತೆ ಓದಿದೆ.

ಉಳಿದ ಆರು ಗುಳಿಗೆ ಮರಳಿಸಬೇಕಿತ್ತು,
ಐದು ಕೊಟ್ಟಿದ್ದೆ.
ಆರನೆಯದನ್ನು ಬಚ್ಚಲ ಕನ್ನಡಿಯ ಮುಂದೆ ಬಿಡಿಸಿದೆ.
ನುಣ್ಣನೆ ಬಿಳಿ ಹುಡಿ. ನೆಕ್ಕಿದರೆ ಏನೂ ಇಲ್ಲ.
ಬೆರಳಿಗಂಟಿದ್ದನ್ನು ಮೇಲ್ದುಟಿಗೆ
ಈ ಕಡೆಯಿಂದ ಆ ಕಡೆಗೆ ಎಳೆದುಕೊಂಡೆ.

ಸ್ಕೂಲಿಗೆ ಹೊರಟ ಟಿಮೆಕ್ ಬಾಗಿಲಲ್ಲಿ ನಿಂತ:
'ಹಾಲು ಕುಡಿದೆಯಾ?'

ಹೂಂ, ಅಂದೆ.