ನಿಂತದ್ದಕ್ಕೆ

ಕಡಲದಂಡೆಯ ಬೀದಿಗೆ ಮಾರ್ಚ್ ತಿಂಗಳಲ್ಲಿ ಬಂತು ಯಂತ್ರ.
ಎದೆಯೆತ್ತರ, ಕಡುನೀಲಿ, ನೆತ್ತಿಗೊಂದು ಸೋಲಾರ್ ಹಲಗೆ.
ಮೋಡವೇ ಬಿಡಾರ ಹೂಡಿದ ಈ ಊರಲ್ಲಿ
ಬಿಸಿಲುಂಡು ಬದುಕುವೆನೆಂಬ ಭಂಡಧೈರ್ಯ ಅದಕ್ಕೆ.
ಮೊದಲು ವೆಲ್ಷ್‌ನಲ್ಲಿ ಕೇಳುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ.
ಚಿಲ್ಲರೆ ಮಾತ್ರ ಎರಡರಲ್ಲೂ ಕೊಡುವುದಿಲ್ಲ.

ಗಂಟೆಗೆ ಎರಡು ಪೌಂಡು. ಎರಡು ಗಂಟೆ ಮೀರುವಂತಿಲ್ಲ.
ಕೂದಲು ಗುಂಗುರಾಗಲು ಬೇಕು ಎರಡೂಮುಕ್ಕಾಲು.
ಇದನ್ನು ಕೌನ್ಸಿಲಿನ ಸಭೆಯಲ್ಲಿ ಎದ್ದು ಹೇಳಿದೆ.
ಬರೆದುಕೊಂಡರು. ಬರೆದುಕೊಳ್ಳುವುದರಲ್ಲಿ ಗಟ್ಟಿಗರು ಅವರು.

ಹಾಗಾಗಿ ಗ್ವೆನ್ಲಿಯನ್ ಪಾರಿ, ಎಪ್ಪತ್ತೆಂಟರ ಹೆಂಗಸು,
ತಲೆತುಂಬ ಗುಲಾಬಿ ಸುರುಳಿ, ಕೊರಳಿಗೆ ನನ್ನ ಟವೆಲು,
ಮೇಲೊಂದು ಪ್ಲಾಸ್ಟಿಕ್ ಚೀಲ ಕವುಚಿಕೊಂಡು
ಎದುರುಗಾಳಿಯಲ್ಲಿ ಕಾರು ಎತ್ತಿಡಲು ಹೊರಟಳು,
ಬೇರೆ ಬೀದಿ, ಬೇರೆ ಯಂತ್ರ, ಮತ್ತೆ ನಾಲ್ಕು ಪೌಂಡು.
ತಿರುಗಿ ಬಂದಾಗ ಬಲಗಡೆ ಬಿಗಿ, ಎಡಗಡೆ ಜೋಲು.
‘ಇರಲಿ ಬಿಡು ಹೆಫಿನ, ಚಾಪೆಲಿನಲ್ಲಿ
ಗೋಡೆಗೆ ಎಡಗೆನ್ನೆ ಕೊಟ್ಟು ಕೂರುತ್ತೇನೆ’ ಅಂದಳು.
ಮತ್ತೆ ಬರಲಿಲ್ಲ. ಸೊಸೆ ಅಡುಗೆಮನೆಯಲ್ಲೇ ಕತ್ತರಿಸುತ್ತಾಳಂತೆ.

ಸುಳ್ಳೇಕೆ, ಮೊದಲೇನು ಸ್ವರ್ಗವಿರಲಿಲ್ಲ.
ಬೆಳಗಿನ ಎಂಟರಿಂದ ದೀಪ ಹಚ್ಚುವ ತನಕ
ಬೀದಿಯುದ್ದ ನಿಲ್ಲುತ್ತಿದ್ದವು ನಮ್ಮವೇ ಕಾರುಗಳು:
ನನ್ನದು, ಕಟುಕ ಇಡ್ರಿಸನದು, ಔಷಧದಂಗಡಿ ಹುಡುಗಿಯರವು.
ಗಿರಾಕಿ ಮೂರು ಸುತ್ತು ಹಾಕಿ, ಶಾಪ ಹಾಕಿ,
ಊರಾಚೆಯ ಸೂಪರ್‌ಮಾರ್ಕೆಟ್ಟಿನ ದಾರಿ ಹಿಡಿಯುತ್ತಿದ್ದ.
ನಮ್ಮ ಹೊಟ್ಟೆಯ ಮೇಲೆ ನಾವೇ ಗಾಡಿ ನಿಲ್ಲಿಸಿಕೊಂಡಿದ್ದೆವು.
ಈಗ ಜಾಗವೋ ಜಾಗ.
ಬಿಳಿಗೆರೆಗಳ ನಡುವೆ ಕಡಲಹಕ್ಕಿಯೊಂದು ಅಡ್ಡಾಡುತ್ತದೆ
ಹೊಲ ಅಳೆಯಲು ಬಂದ ಶಾನುಭೋಗನ ಗತ್ತಿನಲ್ಲಿ.

ಹೊಟೇಲಿನಲ್ಲಿ ಹಾಸಿಗೆ ಬದಲಿಸುವ ಯಾದ್ವಿಗ
ಲಾಂಡ್ರಿ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದಳು:
ಹಡಗುಕಟ್ಟೆಯಲ್ಲಿ ದಿನವಿಡೀ ನಿಲ್ಲಿಸಿದರೆ ಹನ್ನೆರಡು ಪೌಂಡು.
ಮೊದಲ ಮೂರು ಕೋಣೆ ಕಾರಿಗಾಗಿ ಗುಡಿಸಬೇಕು,
ನಾಲ್ಕನೆಯದರಿಂದ ನನಗಾಗಿ.
ಮೇಲೆ, ಪಾಳುಬಿದ್ದ ಕಲ್ಲುಗಣಿಯ ಬಾಯಲ್ಲಿ ನಿಲ್ಲಿಸಿ
ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು ಬರುತ್ತಾಳೆ.
ಇಳಿಯುವುದೇನೋ ಸರಿ.
ಹತ್ತುವುದು ಹದಿನಾರು ಹಾಸಿಗೆ ಹೊತ್ತ ಸೊಂಟ.
ಮೇಲಿನ ಕೇರಿಯವರಿಗೂ ಈಗ ಸಿಟ್ಟು;
ಬಾಗಿಲ ಮುಂದೆ ಕಸದ ಡಬ್ಬಿ, ಮುರುಕು ಕುರ್ಚಿ ಇಟ್ಟು
ತಮ್ಮದಲ್ಲದ ರಸ್ತೆಗೆ ಕಾವಲು ಕೂತಿದ್ದಾರೆ.

ದಂಡದ ಚೀಟಿ ಅಂಟಿಸುವವನು ಹೊರಗಿನವನಲ್ಲ,
ನನ್ನಕ್ಕನ ಮಗ ಮಾಡೊಗ್.
ಸ್ಲೇಟಿನ ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ ಕೆಲಸ.
ಬ್ರೆಡ್ಡಿನಂಗಡಿಯಲ್ಲಿ ಅವನ ಪಾಲಿಗೆ ಸದಾ ನಿನ್ನೆಯ ಬನ್ನು.
ಸಮವಸ್ತ್ರ ಕೊಟ್ಟಿದ್ದಾರೆ, ಟೋಪಿ ಕೊಟ್ಟಿದ್ದಾರೆ,
ಕಾರು ನಿಲ್ಲಿಸಲು ಜಾಗ ಕೊಟ್ಟಿಲ್ಲ.
ಅವನದೂ ಗಣಿಯ ಬಾಯಲ್ಲೇ.
ಮುಂಜಾನೆ ಇಬ್ಬರೂ ಮೆಟ್ಟಿಲಿಳಿಯುತ್ತಾರೆ
ಮೊಣಕಾಲಿನ ಮಾತಾಡುತ್ತ, ಅವನೂ ಯಾದ್ವಿಗಳೂ;
ತಳ ಮುಟ್ಟಿದೊಡನೆ ಅವನು ಟೋಪಿ ಹಾಕಿಕೊಳ್ಳುತ್ತಾನೆ,
ಅವಳು ಮಾತು ನಿಲ್ಲಿಸುತ್ತಾಳೆ.

ಶನಿವಾರ, ಅಂಗಡಿ ಮುಚ್ಚುವ ಹೊತ್ತಿಗೆ,
ಹಿಂಬಾಗಿಲಿನಿಂದ ಬಂದ, ಕ್ಷೌರಕ್ಕೆ.
ಟೋಪಿ ಎಲ್ಲಿಡಲಿ ಅಂತ ಸುತ್ತ ನೋಡಿದ.
‘ಎಷ್ಟು ಹೊತ್ತಾದೀತು ಚಿಕ್ಕಮ್ಮ?’
‘ಎರಡು ಗಂಟೆ ಮೀರುವಂತಿಲ್ಲ’ ಅಂದೆ.
ನಗಲೋ ಬೇಡವೋ ಎಂದು ಕನ್ನಡಿಯಲ್ಲಿ ನನ್ನನ್ನೇ ನೋಡಿದ.
ಅಕ್ಕನದೇ ಸುಳಿ, ಎಡಕ್ಕೆ; ಎಷ್ಟು ಬಾಚಿದರೂ ಏಳುತ್ತದೆ.
ತಲೆ ಬಗ್ಗಿಸಿದಾಗ ಅವನ ಕಣ್ಣಿಗೆ ಬಿತ್ತು ನೆಲ.
‘ಇಲ್ಲಿ ಏನಿದು, ಹೀಗೆ ಸವೆದಿದೆ?’

ಮೂವತ್ತೊಂದು ವರ್ಷ, ಇದೇ ಕುರ್ಚಿಯ ಹಿಂದೆ,
ನಿಂತು ನಿಂತು ಲಿನೋಲಿಯಮ್ಮಿನಲ್ಲಿ ಮೂಡಿದ ಜೋಡಿ ಪಾದ.
‘ಮೆತ್ತಗೆ ಮಾತಾಡು, ಕೌನ್ಸಿಲಿಗೆ ಕೇಳಿಸೀತು’ ಎಂದು
ಅವನ ಕಿವಿಯನ್ನು ಬೆರಳಲ್ಲಿ ಮಡಿಸಿ ಹಿಡಿದು
ಹಿಂಬದಿಯ ಕೂದಲು ಕತ್ತರಿಸಿದೆ.