ಎಲಿ ಒರಸಾಕಿ

ಮುಂಜಾನಿ ಆರಕ್ಕ, ಗಣಿ ಲಾರಿ ಶುರು ಆಗೂದಕ್ಕ ಮೊದಲ,
ಸೀರಿ ಮೊಳಕಾಲತನಕ ಎತ್ತಿ ಕಟ್ಟಿ
ಹೊಂಡಕ್ಕ ಇಳೀತೀನಿ.
ಕೈಯಾಗ ಒಂದು ಹರಕ ಬನಿಯನ್ನು.
ತಾವರಿ ಅಲ್ಲ ಇವು, ನೈದಿಲಿ. ಒಂದೊಂದ ಎಲಿ
ಅಂಗೈಯಾಗ ಹಿಡದು ಧೂಳ ಒರಸೂದು.
ಪಗಾರ ಆರು ಸಾವಿರ, ಚಾ ಎರಡು ಹೊತ್ತು.

ಗದಗಿನ ಕಡಿಯಾಕಿ ಅಂದ್ರ ಕುಡಚಡೆ ಮಂದಿ
ಗಾರಿ ಕೆಲಸ ಬರತೈತೇನು ಅಂತ ಕೇಳತಾರ.
ಎಲಿ ಒರಸತೀನಿ ಅಂದ್ರ ನಗತಾರ.
ಊರಾಗ ನಮ್ಮವ್ವನೂ ನಕ್ಕಳು:
ಉಂಡ ಎಲಿ ಎತ್ತೂದು ಕೇಳೀನಿ,
ನೀರಾಗಿನ ಎಲಿ ಒರಸೂದು ಇದ್ಯಾವ ಊಳಿಗ ಅಂತ.

ಏಳಕ್ಕ ಅರ್ಮಿಂದಾ ಬಾಯಿ ಬರತಾಳ.
ಬೆತ್ತದ ಕುರ್ಚಿ, ಸತ್ತ ಗಂಡನ ಟೊಪ್ಪಿಗಿ,
ಮೂಗಿಗೆ ಹತ್ತೂ ಟರ್ಪೆಂಟೈನ್ ವಾಸನಿ.
ಬಿಂಬಲ ಗಿಡದ ಬುಡಕ ಅದ ಜಾಗಾ, ಅದ ಹೊಂಡ.
ಇಪ್ಪತ್ತಾರು ಚಿತ್ರ!
ಮೊದಮೊದಲ ನಾ ಅಂದಕೊಂಡೆ, ಮುದುಕಿಗೆ ಅರವು ಮರವು,
ನಿನ್ನಿ ಬರದದ್ದು ಮರತು ಇವತ್ತ ಮತ್ತ ಬರೀತಾಳ.

ಒಂದ ಸಲ ಪಡಸಾಲಿಯಾಗ ಸಾಲಾಗಿ ಒಣಗಾಕ ಇಟ್ಟಿದ್ದಳು.
ಒಂದರಾಗ ನೀರು ಒಡದ ಹಾಲಿನಂಗ,
ಒಂದರಾಗ ಹೆಸರಬ್ಯಾಳಿ ಕಟ್ಟಿನಂಗ,
ಒಂದು ಮಗ್ಗದಿಂದ ಈಗ ಇಳಿಸಿದ ಇಳಕಲ್ ಸೀರಿ.
ಹತ್ತರ ಹೋದ್ರ ಹೂವಿಲ್ಲ, ಎಲಿ ಇಲ್ಲ,
ಗೋಡಿಗೆ ಕುಳ್ಳು ಬಡದಂಗ ಬಣ್ಣ ಬಡದಾಳ, ಬಟ್ಟಿನ ಗುರ್ತು ಸೈತ.
ಹಿಂದ ಸರದೆ. ಬಾಗಲಾ ಬೆನ್ನಿಗೆ ತಾಗೂತನಕ ಸರದೆ.
ನೀರು ಅಲಗಿತು.

ನೀರು ಹೆಂಗ ಬರೀತೀರಿ ಅಂತ ಕೇಳಿದೆ.
'ಉದಕ ನ್ಹಂಯ್,' ಅಂದಳು. 'ಉಜ್ವಾಡ.'
ನೀರಲ್ಲಂತ, ಬೆಳಕಂತ.
ನನ್ನ ನೆರಳೂ ದಿನಾ ಬೀಳತೈತಿ ಅಲ್ಲಿ, ಅದನ್ನ ಬರದಿಲ್ಲ.
ಆಕಿ ಬರೂದರಾಗ ನಾ ದಂಡಿ ಹತ್ತಿರತೀನಿ,
ತಪ್ಪು ಆಕಿದಲ್ಲ.

ಮಾಗಿ ತಿಂಗಳಾಗ ತಂಗಿ ಬಾಣಂತನಕ್ಕ ರೋಣಕ್ಕ ಹೋದೆ.
ಹದಿನೊಂದು ದಿನ.
ವಾಸ್ಕೋ ರೈಲು ಇಳದು ನೆಟ್ಟಗ ಹೊಂಡಕ್ಕ ಬಂದ್ರ
ಎಲಿ ಎಲ್ಲಾ ಕೆಮ್ಮಣ್ಣು ಸಾರಿಸಿದಂಗ.
ಹೂವಿನ ಪಕಳಿ ಮ್ಯಾಗ ಅದಿರಿನ ಧೂಳ.
ಕಪ್ಪಿ ಬೆನ್ನ ಮ್ಯಾಗೂ.
ಬೈತಾಳ ಅಂತ ನಿಂತೆ.
ಬಾಯಿ ಒಳಗಿಂದ ಇಪ್ಪತ್ತೇಳನೇದು ತಂದಳು, ಹಸೀ ಇತ್ತು.
'ಪಳೆ' ಅಂದಳು, ಅಷ್ಟ.

ನೋಡಿದೆ. ತುಕ್ಕು ಹಿಡದ ನೀರು,
ತವಾದಾಗ ಹೊತ್ತಿದ ರೊಟ್ಟಿಯಂಥಾ ಎಲಿ.
ಇಪ್ಪತ್ತಾರರಾಗ ನಾ ಒರಸಿದ್ದು ಯಾರಿಗೂ ಕಾಣಸೂದಿಲ್ಲ.
ಇದರಾಗ
ನಾ ಒರಸದ್ದು ಒಂದೊಂದೂ ಕಾಣಸತೈತಿ.

ಪಣಜಿಯಿಂದ ಚಿತ್ರ ಕೊಳ್ಳಾವ ಬಂದ, ಕೆಂಪು ಬೂಟಿನಾಂವ.
ಎಲ್ಲಾ ಬಿಟ್ಟು ಅದರ ಮುಂದ ನಿಂತ.
ಸಂಜಿ ಬೆಳಕು ಏನ್ ಹಿಡದೀರಿ ಬಾಯಿ, ಏನ್ ಸಂಜಿ, ಅಂದ.
ಆಕಿ ನನ್ನ ಮಾರಿ ನೋಡಿದಳು.
ನಾ ಸೆರಗು ಬಾಯಿಗೆ ತುರಕೊಂಡು
ಅಡಗಿ ಮನಿಗೆ ಓಡಿದೆ.

ಮರುದಿನ ಆರಕ್ಕ ಮತ್ತ ನೀರು, ಮತ್ತ ಬನಿಯನ್ನು.
ಒರಸಲೋ ಬ್ಯಾಡೋ ಅಂತ ಕೇಳಿರಲಿಲ್ಲ ನಾ,
ಆಕಿನೂ ಹೇಳಿರಲಿಲ್ಲ.
ದಂಡಿ ಕಡಿವು ಒರಸಿದೆ. ಕಪ್ಪಿ ಹಾರಿತು.
ನಡುವಿನವು ನಾಕು ಬಿಟ್ಟೆ.
ಅದರಾಗ ದೊಡ್ಡದರ ಮ್ಯಾಗ, ಧೂಳಿನಾಗ,
ತೋರ ಬಟ್ಟಿಲೆ ಒಂದು ಗೆರಿ ಎಳದೆ,
ಸೊಟ್ಟ, ಗೇಣುದ್ದ.

ಆಕಿ ಕಣ್ಣಿಗೆ ಬಿದ್ರ ಬೀಳಲಿ.
ಮೊದಲನೇ ಲಾರಿ ತಿರವಿನಾಗ ಗೇರು ಬದಲಿಸೂದು ಕೇಳಿತು,
ನೀರು ಸಣ್ಣಗ ನಡಗಿತು.